ಹೊಡೆದ ಕೈ, ಬದುಕಿಸಿದ ಕೈ

(ಹೆಸರು, ಊರು, ಉದ್ಯೋಗ ಮತ್ತು ಕುಟುಂಬದ ವಿವರಗಳನ್ನು ಗುರುತು ಸಿಗದಂತೆ ಬದಲಾಯಿಸಲಾಗಿದೆ. ಆಕೆಯ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ.)

ಗಿರಿಜಾಳನ್ನು ನಮ್ಮ ಆಪ್ತಸಲಹಾ ಕೇಂದ್ರಕ್ಕೆ ಕರೆತಂದವರು ಆಕೆಯ ಗಂಡನ ಊರಿನ ಆಶಾ ಕಾರ್ಯಕರ್ತೆ. ಮಗುವಿಗೆ 14ನೇ ವಾರದ ಲಸಿಕೆ ತಪ್ಪಿತ್ತು. ಹಿಂದಿನ ಎರಡು ಸಲವೂ ತವರಿನಲ್ಲಿ ಅಜ್ಜಿಯೇ ಮಗುವನ್ನು ಎತ್ತಿಕೊಂಡು ಹೋಗಿ ಹಾಕಿಸಿದ್ದರು. ಬಾಣಂತನ ಮುಗಿಸಿ ಗಂಡನ ಮನೆಗೆ ಬಂದ ಮೇಲೆ ಗಿರಿಜಾ ತಾನೇ ಹೊರಟಳು. ಆದರೆ ಆಸ್ಪತ್ರೆಯ ಗೇಟಿನ ಬಳಿ ಫಿನಾಯಿಲ್ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಕಾಲು ತಣ್ಣಗಾಗಿ, ಮಗುವನ್ನು ಅವುಚಿಕೊಂಡು ಬಂದ ಆಟೋದಲ್ಲೇ ಹಿಂದಿರುಗಿದಳು. ಲಸಿಕೆ ಏಕೆ ಹಾಕಿಸಲಿಲ್ಲ ಎಂದು ಕೇಳಲು ಮನೆಗೆ ಹೋದ ಆಶಾ ಕಾರ್ಯಕರ್ತೆ ಬೈಯದೆ ಪಕ್ಕದಲ್ಲಿ ಕುಳಿತು ವಿಚಾರಿಸಿದರು. ಅವರು ಬೈದಿದ್ದರೆ ಈ ಪ್ರಕರಣ ನನ್ನವರೆಗೆ ಬರುತ್ತಿರಲಿಲ್ಲ.

ಆಕೆಗೆ 23 ವರ್ಷ. ಮದುವೆಗೆ ಮೊದಲು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡುತ್ತಿದ್ದಳು. ಗಂಡ ಗೂಡ್ಸ್ ಆಟೋ ಓಡಿಸುತ್ತಾನೆ. ಚೊಚ್ಚಲ ಹೆರಿಗೆ, ಹೆಣ್ಣುಮಗು. ಜೊತೆಗೆ ಬಂದಿದ್ದ ಅತ್ತೆ ಮೊದಲು ಮಾತು ಎತ್ತಿದರು: "ಹೆರಿಗೆ ಎಂದರೆ ಹೂವಿನ ಹಾಸಿಗೆಯೇ ಮೇಡಂ? ನಾವೆಲ್ಲ ಹೆರಲಿಲ್ಲವೇ?" ಗಂಡನ ಮಾತಿನಲ್ಲಿ ಕೋಪಕ್ಕಿಂತ ಗೊಂದಲವೇ ಹೆಚ್ಚಾಗಿತ್ತು. "ಒಂದು ರೂಪಾಯಿ ಬಿಲ್ ಇಲ್ಲದೆ ಹೆರಿಗೆಯಾಯಿತು. ತಾಯಿ, ಮಗು ಇಬ್ಬರೂ ಚೆನ್ನಾಗಿದ್ದಾರೆ. ರಾತ್ರಿ ನಿದ್ದೆ ಮಾಡುವುದಿಲ್ಲ, ನಾನು ಹತ್ತಿರ ಹೋದರೆ ಗೋಡೆಗೆ ಒರಗಿ ನಡುಗುತ್ತಾಳೆ. ನಾನೇನು ತಪ್ಪು ಮಾಡಿದೆ?"

ಇಬ್ಬರನ್ನೂ ಹೊರಗೆ ಕೂರಿಸಿ ಗಿರಿಜಾಳೊಬ್ಬಳ ಜೊತೆ ಮಾತಾಡಿದೆ. ಎಲ್ಲವನ್ನೂ ಒಂದೇ ಸಲಕ್ಕೆ ಕೆದಕಿ ಹೇಳಿಸುವುದು ಇಂಥ ಪ್ರಕರಣಗಳಲ್ಲಿ ಒಳ್ಳೆಯದಲ್ಲ. ಎಷ್ಟು ಹೇಳಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದು ಆಕೆಯ ಕೈಯಲ್ಲೇ ಇರಬೇಕು. ಹಲವು ಭೇಟಿಗಳಲ್ಲಿ ಚೂರುಚೂರಾಗಿ ಬಂದದ್ದನ್ನು ಇಲ್ಲಿ ಒಟ್ಟಿಗೆ ಬರೆಯುತ್ತಿದ್ದೇನೆ.

2024ರ ಸೆಪ್ಟೆಂಬರಿನಲ್ಲಿ ರಾತ್ರಿ ನೋವು ಶುರುವಾಗಿ 108 ಆಂಬುಲೆನ್ಸ್‌ನಲ್ಲಿ ಸರ್ಕಾರಿ ಆಸ್ಪತ್ರೆಗೆ ಹೋದರು. ಗಿರಿಜಾಳ ತಾಯಿಯನ್ನು ಹೆರಿಗೆ ಕೋಣೆಯ ಬಾಗಿಲಲ್ಲೇ ತಡೆದರು. ಒಳಗೆ ಒಂದೇ ಮಂಚದ ಮೇಲೆ ಇಬ್ಬರು, ನಡುವೆ ಪರದೆಯಿಲ್ಲ. ಯಾರು ಯಾರೋ ಬಂದು, ಹೇಳದೆ ಕೇಳದೆ, ಒಳಗೆ ಕೈಹಾಕಿ ಪರೀಕ್ಷಿಸಿ ಹೋದರು. ನೋವು ತಾಳಲಾರದೆ ಕೂಗಿದಾಗ ನರ್ಸ್ ತೊಡೆಗೂ ಕೆನ್ನೆಗೂ ಹೊಡೆದರು. "ಗಂಡನ ಜೊತೆ ಮಲಗುವಾಗ ಹಿತವಾಗಿತ್ತಲ್ಲ, ಈಗ ಏಕೆ ಅರಚುತ್ತೀಯ?" ಎಂದರು. ಈ ಮಾತನ್ನು ನಾನು ಎಷ್ಟೋ ಹೆಂಗಸರ ಬಾಯಿಂದ, ಬೇರೆ ಬೇರೆ ಊರುಗಳವರಿಂದ, ಹೆಚ್ಚುಕಡಿಮೆ ಇದೇ ಪದಗಳಲ್ಲಿ ಕೇಳಿದ್ದೇನೆ. ಹೇಳುವಾಗ ಪ್ರತಿಯೊಬ್ಬರೂ ತಲೆ ತಗ್ಗಿಸುತ್ತಾರೆ. ತಗ್ಗಬೇಕಾದ ತಲೆ ಅವರದಲ್ಲ.

ಮಗು ಬೇಗ ಬರಲೆಂದು ಆಯಾ ಮೊಣಕೈಯಿಂದ ಹೊಟ್ಟೆ ಒತ್ತಿದರು. ಮಗು ಹೊರಬಂದ ಮೇಲೆ ಒಮ್ಮೆಲೇ ಓಡಾಟ, ಕೂಗಾಟ. ಅದೇ ನರ್ಸ್ ಮುಷ್ಟಿಯನ್ನು ಒಳಗಿಟ್ಟು, ಇನ್ನೊಂದು ಕೈಯಿಂದ ಹೊಟ್ಟೆಯನ್ನು ಹಿಂಡಿ ಹಿಡಿದರು. ಕಣ್ಣು ಕತ್ತಲಿಟ್ಟಿತು. "ಕಿರುಚಿದ್ದಕ್ಕೆ ಸಿಟ್ಟಿನಿಂದ ನನ್ನನ್ನು ಸಾಯಿಸುತ್ತಿದ್ದಾರೆ ಎಂದುಕೊಂಡೆ" ಎಂದಳು ಗಿರಿಜಾ. ಹೊಲಿಗೆಯನ್ನು ಮರಗಟ್ಟಿಸದೆ ಹಾಕಿದರು. ಹೊರಗೆ ಆಯಾ ಮಗುವನ್ನು ತೋರಿಸಲು ಅಜ್ಜಿಯ ಬಳಿ 500 ರೂಪಾಯಿ ಕೇಳಿ ಪಡೆದರು. ಗಂಡಾಗಿದ್ದರೆ ಸಾವಿರ ಕೇಳುತ್ತಿದ್ದೆ ಎಂದೂ ಹೇಳಿದರಂತೆ.

ಬಾಣಂತನದ ದಿನಗಳಲ್ಲೇ, ಆ ನವೆಂಬರಿನಲ್ಲಿ, ಬಳ್ಳಾರಿಯ ಬಾಣಂತಿಯರ ಸಾವಿನ ಸುದ್ದಿ ಟಿವಿಯಲ್ಲಿ, ಮೊಬೈಲಿನಲ್ಲಿ ಬಿಡದೆ ಬಂತು. ಅಲ್ಲಿಂದ ಕೆಟ್ಟ ಕನಸುಗಳು ದಿನನಿತ್ಯದವಾದವು.

ನಾನು ಮೊದಲು ಮಾಡಿದ್ದು ಅಪಾಯವನ್ನು ಅಳೆಯುವ ಕೆಲಸ. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ, 10 ಪ್ರಶ್ನೆಗಳ ಎಡಿನ್‌ಬರೋ ಮಾಪನವನ್ನು ಆಕೆಯ ಜೊತೆ ಕುಳಿತು ಕನ್ನಡದಲ್ಲಿ ತುಂಬಿದೆ. ಅದರ ಕೊನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅದನ್ನು ನೇರವಾಗಿಯೇ ಕೇಳಬೇಕು. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬುದು ತಪ್ಪು ತಿಳಿವಳಿಕೆ. "ಬಾವಿ ಕಡೆ ನೋಡಬೇಡ ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ" ಎಂದು ಆಕೆ ಹೇಳಿದಾಗ ನಾನು ವಾರ ಕಾಯಲಿಲ್ಲ. ಅತ್ತೆಯನ್ನು ಒಳಗೆ ಕರೆದು, ರಾತ್ರಿ ಆಕೆಯನ್ನು ಒಂಟಿಯಾಗಿ ಬಿಡಬಾರದು ಎಂದು ಸ್ಪಷ್ಟವಾಗಿ ಹೇಳಿದೆ. ಮನೋಚೈತನ್ಯ ಕಾರ್ಯಕ್ರಮದಡಿ ತಾಲ್ಲೂಕು ಆಸ್ಪತ್ರೆಗಳಲ್ಲಿ ಮಂಗಳವಾರ ಮನೋವೈದ್ಯರು ಸಿಗುತ್ತಾರೆ. ಅದು ಸೋಮವಾರ. ಆಸ್ಪತ್ರೆಯೇ ಭಯದ ಮೂಲವಾಗಿದ್ದರಿಂದ ನಾನೇ ಜೊತೆಗೆ ಹೋದೆ. ಹೆರಿಗೆ ವಿಭಾಗದ ಕಡೆಗೆ ಹೋಗದ ಹಿಂದಿನ ಬಾಗಿಲಿನಿಂದ ಹೋಗಲು ಮೊದಲೇ ಮಾತಾಡಿಕೊಂಡಿದ್ದೆ. ಖಿನ್ನತೆಯ ಜೊತೆಗೆ ಆಘಾತದ ಲಕ್ಷಣಗಳೂ ಇವೆ ಎಂದ ವೈದ್ಯರು ಹಾಲೂಡಿಸುವಾಗಲೂ ತೆಗೆದುಕೊಳ್ಳಬಹುದಾದ ಮಾತ್ರೆ ಬರೆದರು. ಹಿಮೋಗ್ಲೋಬಿನ್ ಮತ್ತು ಥೈರಾಯ್ಡ್ ಪರೀಕ್ಷೆಯನ್ನೂ ಮಾಡಿಸಿದೆವು. ಹಿಮೋಗ್ಲೋಬಿನ್ ಇರಬೇಕಾದದ್ದಕ್ಕಿಂತ ಬಹಳ ಕಡಿಮೆ, 8ರ ಆಸುಪಾಸಿನಲ್ಲಿತ್ತು. ರಕ್ತ ಕಳೆದುಕೊಂಡ ಬಾಣಂತಿಯ ಸುಸ್ತನ್ನು ಸೋಮಾರಿತನವೆಂದು ಕರೆಯುವ ಮನೆಗಳು ಈ ಒಂದು ಅಂಕಿಯನ್ನು ನೋಡಬೇಕು.

ಲಸಿಕೆಯ ವಿಷಯದಲ್ಲಿ ತಾಯಿಯ ಭಯ ವಾಸಿಯಾಗುವವರೆಗೆ ಮಗು ಕಾಯಬೇಕಾಗಿಲ್ಲ. ಗುರುವಾರ ಊರಿನ ಅಂಗನವಾಡಿಯಲ್ಲೇ ಹಾಕಿಸಲು ಆಶಾ ಕಾರ್ಯಕರ್ತೆ ಏರ್ಪಾಟು ಮಾಡಿದರು. ತಡವಾದರೆ ಮೊದಲಿನಿಂದ ಶುರು ಮಾಡಬೇಕಿಲ್ಲ, ಬಾಕಿ ಇರುವ ಡೋಸ್ ಹಾಕಿಸಿದರೆ ಸಾಕು.

ಇನ್ನು ಈ ಪ್ರಕರಣದ ಗಂಟು. ಗಿರಿಜಾಳನ್ನು ಒಳಗೊಳಗೇ ತಿನ್ನುತ್ತಿದ್ದದ್ದು ನೋವಿನ ನೆನಪಷ್ಟೇ ಅಲ್ಲ. "ಅವರು ನನ್ನ ಜೀವ ಉಳಿಸಿದರಂತೆ, ಎಲ್ಲರೂ ಹೇಳುತ್ತಾರೆ. ಹಾಗಿದ್ದರೆ ಅವರ ಮೇಲೆ ನನಗೇಕೆ ಇಷ್ಟು ಸಿಟ್ಟು? ನಾನು ಕೃತಘ್ನಳೇ?" ಎಂಬ ಪ್ರಶ್ನೆ ಆಕೆಯದು. ಇದಕ್ಕೆ ಸಮಾಧಾನದ ಮಾತು ಸಾಲದು, ಮಾಹಿತಿ ಬೇಕು. ಡಿಸ್ಚಾರ್ಜ್ ಚೀಟಿ ಮತ್ತು ತಾಯಿ ಕಾರ್ಡ್ ತರಲು ಹೇಳಿ, ನಮ್ಮ ಕೇಂದ್ರಕ್ಕೆ ನೆರವಾಗುವ ಸ್ತ್ರೀರೋಗ ತಜ್ಞೆಯ ಮುಂದೆ ಕೂರಿಸಿದೆ. ಹೆರಿಗೆಯ ನಂತರ ಗರ್ಭಕೋಶ ಬಿಗಿಯಾಗದೆ ರಕ್ತಸ್ರಾವವಾಗಿದೆ, ಎರಡು ಬಾಟಲಿ ರಕ್ತ ಕೊಡಲಾಗಿದೆ ಎಂದು ಅದರಲ್ಲಿತ್ತು. ಮನೆಯಲ್ಲಿ ಯಾರೂ ಅದನ್ನು ಓದಿರಲಿಲ್ಲ.

ವೈದ್ಯೆ ಮೇಜಿನ ಮೇಲೆ ತಮ್ಮ ಮುಷ್ಟಿಯನ್ನೇ ತೋರಿಸಿ ವಿವರಿಸಿದರು. ಕಸ (ಮಾಸು) ಬಿದ್ದ ಮೇಲೆ ಗರ್ಭಕೋಶ ಹೀಗೆ ಬಿಗಿಯಬೇಕು. ಬಿಗಿದರೆ ಕಸ ಅಂಟಿದ್ದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳುತ್ತವೆ. ಸಡಿಲವಾಗಿಯೇ ಉಳಿದರೆ ರಕ್ತ ನಿಲ್ಲುವುದಿಲ್ಲ, ಒಂದೆರಡು ಗಂಟೆಯಲ್ಲಿ ಪ್ರಾಣ ಹೋಗಬಹುದು. ಆಕ್ಸಿಟೋಸಿನ್ ಚುಚ್ಚುಮದ್ದು ಕೊಡುತ್ತಾರೆ, ಹೊಟ್ಟೆಯನ್ನು ಉಜ್ಜುತ್ತಾರೆ, ಅದಕ್ಕೂ ಬಗ್ಗದಿದ್ದರೆ ಒಂದು ಕೈ ಒಳಗೆ, ಒಂದು ಕೈ ಹೊರಗೆ ಇಟ್ಟು ಗರ್ಭಕೋಶವನ್ನು ಅದುಮಿ ಹಿಡಿಯುತ್ತಾರೆ. ವಿಪರೀತ ನೋವಿನ ಕೆಲಸ. ಮರಗಟ್ಟಿಸಲು ಆಗ ಸಮಯವಿರುವುದಿಲ್ಲ.

ಆಕೆ ಬಹಳ ಹೊತ್ತು ವೈದ್ಯೆಯ ಕೈಯನ್ನೇ ನೋಡುತ್ತಿದ್ದು, "ಹಾಗಾದರೆ ಅದಕ್ಕೆ ಮೊದಲು ಹೊಡೆದದ್ದು?" ಎಂದು ಕೇಳಿದಳು.

"ಅದಕ್ಕೂ ಚಿಕಿತ್ಸೆಗೂ ಯಾವ ಸಂಬಂಧವೂ ಇಲ್ಲ" ಎಂದರು ವೈದ್ಯೆ.

ಅಂದು ನಾವು ಒಂದೊಂದನ್ನೂ ಬೇರ್ಪಡಿಸಿದೆವು. ಒಳಗೆ ಮುಷ್ಟಿಯಿಟ್ಟು ಅದುಮಿದ್ದು ಚಿಕಿತ್ಸೆ. ಆದರೂ "ರಕ್ತ ಹೋಗುತ್ತಿದೆ, ನಿಲ್ಲಿಸುತ್ತಿದ್ದೇವೆ, ನೋವಾಗುತ್ತದೆ" ಎಂಬ ಒಂದು ಮಾತನ್ನು ಯಾರಾದರೂ ಹೇಳಬಹುದಿತ್ತು. ಹೇಳಿದ್ದರೆ ತನ್ನನ್ನು ಕೊಲ್ಲುತ್ತಿದ್ದಾರೆ ಎಂಬ ಭಯ ಆಕೆಯ ಮನಸ್ಸಿನಲ್ಲಿ ಹಾಗೆ ಬೇರೂರುತ್ತಿರಲಿಲ್ಲ. ಮಗು ಬರುವ ಮೊದಲು ಮೇಲಿನಿಂದ ಹೊಟ್ಟೆ ಒತ್ತುವುದನ್ನು ವಿಶ್ವ ಆರೋಗ್ಯ ಸಂಸ್ಥೆ 2018ರ ಹೆರಿಗೆ ಮಾರ್ಗಸೂಚಿಯಲ್ಲಿ ಬೇಡವೆಂದೇ ಹೇಳಿದೆ. ಮರಗಟ್ಟಿಸದೆ ಹೊಲಿಗೆ ಹಾಕಿದ್ದು ಸರಿಯಲ್ಲ. ಕೆನ್ನೆಯ ಏಟು, ಆ ಮಾತು, 500 ರೂಪಾಯಿ, ಇವು ತಪ್ಪು. ಯಾವ ಅವಸರವೂ ಇವಕ್ಕೆ ಕಾರಣವಾಗಲಾರದು. ನೋವಿನ ನಡುವೆ ಸಹಿ ಹಾಕಿಸಿಕೊಂಡ ಕಾಗದ ವಂಕಿಗಾಗಿ (ಗರ್ಭ ನಿಲ್ಲದಂತೆ ಗರ್ಭಕೋಶದೊಳಗೆ ಇಡುವ ಸಾಧನ) ಇರಬಹುದೆಂಬ ಇನ್ನೊಂದು ಭಯವಿತ್ತು. ವೈದ್ಯೆ ಪರೀಕ್ಷಿಸಿ ವಂಕಿ ಹಾಕಿಲ್ಲವೆಂದು ಖಚಿತಪಡಿಸಿದರು.

ನಾನು ಗಿರಿಜಾಳಿಗೆ ಹೇಳಿದ್ದು ಇಷ್ಟು: ಹೊಡೆದ ಕೈಯೂ ಬದುಕಿಸಿದ ಕೈಯೂ ಒಬ್ಬರದೇ ಆಗಿರಬಹುದು. ಒಂದಕ್ಕೆ ಕೃತಜ್ಞಳಾಗಿರು, ಇನ್ನೊಂದರ ಬಗ್ಗೆ ಸಿಟ್ಟು ಮಾಡಿಕೋ. ಒಂದನ್ನು ಇನ್ನೊಂದಕ್ಕೆ ವಜಾ ಹಾಕಬೇಕಾಗಿಲ್ಲ.

ಇಲ್ಲಿ ದಾದಿಯರ ಪರವಾಗಿಯೂ ಒಂದು ಮಾತು. ರಾತ್ರಿ ಪಾಳಿಯಲ್ಲಿ ಒಬ್ಬರೋ ಇಬ್ಬರೋ ಸೇರಿ ತುಂಬಿದ ಹೆರಿಗೆ ಕೋಣೆಯನ್ನು ನಿಭಾಯಿಸುವ ನರ್ಸ್‌ಗಳನ್ನು ನಾನು ಬಲ್ಲೆ. ಅವರಲ್ಲಿ ಕೆಲವರು ನನ್ನ ಬಳಿಯೇ ಸಲಹೆಗೆ ಬಂದಿದ್ದಾರೆ. ರಾಜ್ಯದ ಹೆರಿಗೆಗಳಲ್ಲಿ ಹೆಚ್ಚಿನ ಪಾಲು ಆಗುವುದು ಸರ್ಕಾರಿ ಆಸ್ಪತ್ರೆಗಳಲ್ಲೇ, ಆ ಭಾರ ಹೊರುವವರು ಇವರೇ. ಹುದ್ದೆಗಳನ್ನು ತುಂಬಿ ಎಂದು ಸರ್ಕಾರವನ್ನು ಕೇಳಲು ಇದು ನ್ಯಾಯವಾದ ಕಾರಣ. ಮಂಚದ ಮೇಲೆ ಮಲಗಿದವಳಿಗೆ ಹೊಡೆಯಲು ಕಾರಣವಲ್ಲ.

ಗಿರಿಜಾಳ ತಾಯಿಯನ್ನೂ ಒಮ್ಮೆ ಕರೆಸಿದೆ. ಗಿರಿಜಾ ಹುಟ್ಟಿದ್ದು ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ. "ಆ ಅಜ್ಜಿ ನನ್ನ ಬೆನ್ನು ನೀವುತ್ತಾ ರಾತ್ರಿಯಿಡೀ ಕುಳಿತಿದ್ದಳು. ನನ್ನ ಮಗಳು ಒಳಗೆ ಕೂಗುವಾಗ ನಾನು ಹೊರಗೆ ನಿಂತಿದ್ದೆ" ಎಂದು ಅತ್ತರು. ಮುಂದಿನ ಹೆರಿಗೆ ಮನೆಯಲ್ಲೇ ಆಗಲಿ ಎಂದೂ ಹೇಳಿದರು. ಇದಕ್ಕೆ ನಾನು ಒಪ್ಪಲಿಲ್ಲ. ಗಿರಿಜಾಳಿಗೆ ಆದಂಥ ರಕ್ತಸ್ರಾವ ಮನೆಯಲ್ಲಿ ಆಗಿದ್ದರೆ ಇಂದು ಆಕೆ ನಮ್ಮ ಮುಂದೆ ಇರುತ್ತಿರಲಿಲ್ಲ. ಒಮ್ಮೆ ಹಾಗಾದವರಿಗೆ ಮತ್ತೆ ಆಗುವ ಸಂಭವವೂ ಹೆಚ್ಚು. ಬೆನ್ನು ನೀವುವ ಕೈ ಆಸ್ಪತ್ರೆಯೊಳಗೇ ಬೇಕೆಂದು ಕೇಳಬೇಕು. ಹೆರಿಗೆಯ ವೇಳೆ ಜೊತೆಗೊಬ್ಬ ಹೆಂಗಸು ಇರಲು ಸರ್ಕಾರಿ ಆಸ್ಪತ್ರೆಗಳಲ್ಲಿ ಅವಕಾಶ ಕೊಡಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ತಿಳಿಸಿದೆ. 2017ರಲ್ಲಿ ಆರಂಭವಾದ 'ಲಕ್ಷ್ಯ' ಕಾರ್ಯಕ್ರಮ ಹೆರಿಗೆ ಕೋಣೆಯಲ್ಲಿ ಗೌರವದ ಆರೈಕೆಯನ್ನೂ ಗುಣಮಟ್ಟದ ಭಾಗವೆಂದು ಎಣಿಸುತ್ತದೆ. ಬಾಗಿಲಲ್ಲಿ ತಡೆದಾಗ ಇವು ಗೊತ್ತಿದ್ದರೆ ಕೇಳುವ ಧೈರ್ಯ ಬರುತ್ತದೆ. ಮುಂದೆ ಗರ್ಭಿಣಿಯಾದರೆ ಹಿಂದಿನ ರಕ್ತಸ್ರಾವದ ವಿಷಯವನ್ನು ತಾಯಿ ಕಾರ್ಡಿನಲ್ಲಿ ಮೊದಲ ತಪಾಸಣೆಯಲ್ಲೇ ಬರೆಸಲು, ರಕ್ತನಿಧಿ ಇರುವ ಆಸ್ಪತ್ರೆಯಲ್ಲೇ ಹೆರಿಗೆಗೆ ಏರ್ಪಾಟು ಮಾಡಿಕೊಳ್ಳಲು ಹೇಳಿದೆ.

ಗಂಡನ ಜೊತೆಗಿನ ಮಾತು ನಾನು ಅಂದುಕೊಂಡದ್ದಕ್ಕಿಂತ ಸುಲಭವಾಯಿತು. ಆ ರಾತ್ರಿ ಏನಾಯಿತೆಂದು ಆತನಿಗೆ ಯಾರೂ ಹೇಳಿರಲಿಲ್ಲ. ಹೆಂಡತಿಯ ಒಪ್ಪಿಗೆಯಿಂದ ನಾನು ಹೇಳಿದಾಗ, ಆ ಬೈಗುಳ ತನ್ನನ್ನೂ ಸೇರಿಸಿ ಬೈದದ್ದು ಎಂಬುದು ಆತನಿಗೆ ತಟ್ಟಿತು. ಆಕೆಯಾಗಿ ಹತ್ತಿರ ಬರುವವರೆಗೆ ದೈಹಿಕ ಸಂಬಂಧದ ಮಾತು ಎತ್ತಬಾರದು, ಮತ್ತೆ ಗರ್ಭಿಣಿಯಾಗುವ ಭಯ ದೂರವಾಗಲು ಸದ್ಯಕ್ಕೆ ಮುನ್ನೆಚ್ಚರಿಕೆಯ ಹೊಣೆಯನ್ನು ತಾನೇ ಹೊರಬೇಕು, ಹೊಲಿಗೆಯ ಜಾಗದ ನೋವಿಗೆ ವೈದ್ಯೆಯ ಬಳಿ ಆಕೆಯನ್ನು ಕರೆದೊಯ್ಯಬೇಕು ಎಂದು ಹೇಳಿದೆ. ಆತ ಮೂರನ್ನೂ ಪಾಲಿಸಿದ. ಅತ್ತೆ ಬದಲಾಗಲು ಹೆಚ್ಚು ಕಾಲ ಹಿಡಿಯಿತು.

ಫಿನಾಯಿಲ್ ವಾಸನೆಯ ಭಯಕ್ಕೆ ಅಭ್ಯಾಸವೇ ಮದ್ದು. ಎದೆ ಹೊಡೆದುಕೊಳ್ಳಲು ಶುರುವಾದಾಗ ಪಾದಗಳನ್ನು ನೆಲಕ್ಕೆ ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳನ್ನು ಹೆಸರಿಸಿ, ಮಗುವಿಗೆ ಈಗ ಎಷ್ಟು ತಿಂಗಳಾಯಿತೆಂದು ಗಟ್ಟಿಯಾಗಿ ಹೇಳಿಕೊಳ್ಳುವುದು. ಇದನ್ನು ಮನೆಯಲ್ಲಿ ರೂಢಿಸಿಕೊಂಡ ಮೇಲೆ ಆಸ್ಪತ್ರೆಯ ಎದುರಿನ ಬಸ್ ನಿಲ್ದಾಣ, ಆಮೇಲೆ ಗೇಟು, ಆಮೇಲೆ ಹೊರರೋಗಿಗಳ ಬೆಂಚು. ಒಂಬತ್ತು ತಿಂಗಳು ತುಂಬಿದಾಗಿನ ದಡಾರ-ರುಬೆಲ್ಲಾ ಲಸಿಕೆಗೆ ಮಗುವನ್ನು ಆಕೆಯೇ ಆಸ್ಪತ್ರೆಗೆ ಎತ್ತಿಕೊಂಡು ಹೋದಳು.

ದೂರು ಕೊಡಬೇಕೇ ಬೇಡವೇ ಎಂಬುದನ್ನು ನಾನು ಆಕೆಗೇ ಬಿಟ್ಟೆ. ಕೊಟ್ಟರೆ ಯಾರಿಗೆ ಎಂಬುದನ್ನು ಮಾತ್ರ ತಿಳಿಸಿದೆ: ನಡವಳಿಕೆಯ ಬಗ್ಗೆ ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಗೆ, ಅದರ ಒಂದು ಪ್ರತಿ ಜಿಲ್ಲಾ ಆರೋಗ್ಯಾಧಿಕಾರಿಗೆ, ಹಣ ಕೇಳಿದ್ದರ ಬಗ್ಗೆ ಲೋಕಾಯುಕ್ತಕ್ಕೂ ಹೋಗಬಹುದು. ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ 2011ರಿಂದ ಸರ್ಕಾರಿ ಆಸ್ಪತ್ರೆಯ ಹೆರಿಗೆ, ಔಷಧ, ರಕ್ತ, ಊಟ, ಮನೆಗೆ ಬಿಡುವ ವಾಹನ ಎಲ್ಲವೂ ಉಚಿತ. ಮಗುವನ್ನು ತೋರಿಸಲು ಕೇಳುವುದು ಲಂಚವೇ ಹೊರತು ಖುಷಿಯ ಕಾಣಿಕೆಯಲ್ಲ.

ಕೆಲವು ತಿಂಗಳ ನಂತರ, ನಿದ್ದೆ ಸರಿಹೋದ ಮೇಲೆ, ಗಿರಿಜಾ ತಾನೇ ಪತ್ರ ಬರೆದಳು. ಮೊದಲ ಸಾಲಿನಲ್ಲಿ ರಕ್ತ ನಿಲ್ಲಿಸಿ ಜೀವ ಉಳಿಸಿದ್ದಕ್ಕೆ ವಂದನೆ ಹೇಳಿ, ಎರಡನೇ ಸಾಲಿನಿಂದ ಏಟು, ಮಾತು, ಹಣ ಎಲ್ಲವನ್ನೂ ದಿನಾಂಕ ಸಹಿತ ಬರೆದಿದ್ದಳು. ವಂದನೆಯ ಸಾಲನ್ನು ತೆಗೆದರೆ ದೂರು ಗಟ್ಟಿಯಾಗುತ್ತದೆ ಎಂದು ಯಾರೋ ಹೇಳಿದರಂತೆ. ಆಕೆ ತೆಗೆಯಲಿಲ್ಲ. ಸ್ವೀಕೃತಿಯ ಮೊಹರು ಬಿದ್ದ ಪ್ರತಿ ನಮ್ಮ ಕಡತದಲ್ಲಿದೆ. ಉತ್ತರ ಇನ್ನೂ ಬಂದಿಲ್ಲ. ಮೊದಲ ನೆನಪೋಲೆಯನ್ನು ಕಳಿಸಿದ್ದೇವೆ. ಮಾತ್ರೆಗಳನ್ನು ವೈದ್ಯರ ಸಲಹೆಯಂತೆ ನಿಧಾನವಾಗಿ ಕಡಿಮೆ ಮಾಡುತ್ತಿದ್ದಾರೆ.

ಇದನ್ನು ಓದುವ ಬಾಣಂತಿಯರಲ್ಲಿ ಯಾರಿಗಾದರೂ ಹೆರಿಗೆ ಕೋಣೆಯ ನೆನಪು ಪದೇ ಪದೇ ನುಗ್ಗಿ ಬರುತ್ತಿದ್ದರೆ, ಮಗುವಿನ ಮೇಲೆ ಮನಸ್ಸು ನಿಲ್ಲದಿದ್ದರೆ, ಬದುಕು ಬೇಡವೆನಿಸುತ್ತಿದ್ದರೆ, ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಯಾವ ಹೊತ್ತಿನಲ್ಲಾದರೂ ಉಚಿತವಾಗಿ ಕರೆ ಮಾಡಬಹುದು. ಕನ್ನಡದಲ್ಲೇ ಮಾತಾಡುತ್ತಾರೆ.