ಅತ್ತೆಯ ಮಂಡಿಯೂ ಅತಾಮಿಯ ಏರೂ

ಪ್ರಶ್ನೆ: ಮಗ ಟೋಕಿಯೊದಲ್ಲಿದ್ದಾನೆ. ಅವನಲ್ಲಿಗೆ ಹೋದಾಗ ಎರಡು ರಾತ್ರಿ ಅತಾಮಿ ಎಂಬ ಕಡಲೂರಿನಲ್ಲಿ ಇರುವ ಆಸೆ. ಜೊತೆಗೆ ಮಂಡಿನೋವಿನ ಅತ್ತೆ. ಅವರು ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಅಲ್ಲಿನ ಹಳೇ ಶೈಲಿಯ ವಸತಿ ರ್ಯೋಕಾನ್ ಒಳ್ಳೆಯದೋ, ಹೋಟೆಲ್ಲೋ?
- ಓದುಗರು, ಗಂಗಾವತಿ

ಉತ್ತರ: ಅಕ್ಕಾ, ಮೊದಲು ಏರು ನೋಡಿ, ಆಮೇಲೆ ರೂಮು. ಟೋಕಿಯೊದಿಂದ ಶಿಂಕಾನ್ಸೆನ್ ರೈಲು ಮುಕ್ಕಾಲು ಗಂಟೆಯಲ್ಲಿ ಅತಾಮಿ ಮುಟ್ಟಿಸುತ್ತದೆ. ಆದರೆ ಊರು ಗುಡ್ಡದಿಂದ ಕಡಲಿಗೆ ಇಳಿಜಾರಾಗಿದೆ. ಕಡಲು ಚೆನ್ನಾಗಿ ಕಾಣುತ್ತದೆಂದು ನಾನು ಮೇಲಿನ ರೂಮು ಹಿಡಿದಿದ್ದೆ. ಸೂಟ್‌ಕೇಸ್ ಎಳೆಯುವಾಗ ನಿಮ್ಮೂರ ಪಕ್ಕದ ಅಂಜನಾದ್ರಿಯ 575 ಮೆಟ್ಟಿಲೇ ನೆನಪಾದವು! ಬಳ್ಳಾರಿ ಬಿಸಿಲು ಇರಲಿಲ್ಲ, ಅಷ್ಟೇ ಪುಣ್ಯ. ಸ್ಟೇಷನ್ನಿಗೆ ವ್ಯಾನ್ ಕಳಿಸುವ ಕಡೆ ಬುಕ್ ಮಾಡಿ.

ರ್ಯೋಕಾನ್‌ನಲ್ಲಿ ಚಾಪೆಯಂಥ ತತಾಮಿ ನೆಲದ ಮೇಲೆ ಹಾಸಿಗೆ ಹಾಸುತ್ತಾರೆ. ಅತ್ತೆಗೆ ಕೂತು ಏಳೋದೇ ಕಷ್ಟ ಅಲ್ವಾ? ಮಂಚವಿರುವ ರೂಮೂ ಕೆಲವು ಕಡೆ ಸಿಗುತ್ತದೆ, ಕೇಳಿ. ಬಾಡಿಗೆ ಸಾಮಾನ್ಯವಾಗಿ ತಲೆಗಿಷ್ಟು, ರಾತ್ರಿಯೂಟ ಬೆಳಗಿನ ತಿಂಡಿ ಸೇರಿ. ತೊಡಕು ಇರೋದೇ ಆ ಊಟದಲ್ಲಿ. ತರಕಾರಿ ಪಲ್ಯದಲ್ಲೂ, ಮಿಸೊ ಸಾರಿನಲ್ಲೂ ಸಾಮಾನ್ಯವಾಗಿ ದಾಶಿ, ಅಂದರೆ ಒಣಮೀನು ಕುದಿಸಿ ತೆಗೆದ ರಸ ಇರುತ್ತದೆ. 'ಮಾಂಸ ಬೇಡ' ಅಂದರೆ ಸಾಲದು, 'ಮೀನಿನ ದಾಶಿಯೂ ಬೇಡ' ಎಂದು ಮಗನಿಂದಲೇ ಮೊದಲು ಬರೆಸಿ. ಒಪ್ಪದಿದ್ದರೆ ಸುಮ್ನೆ ಊಟವಿಲ್ಲದ ಹೋಟೆಲ್ ಹಿಡಿಯಿರಿ. ಅವಲಕ್ಕಿ, ಶೇಂಗಾ ಚಟ್ನಿಪುಡಿ ಚೀಲದಲ್ಲಿರಲಿ.

ಇನ್ನೊಂದು. ಅಲ್ಲಿನ ಬಿಸಿನೀರಿನ ಬುಗ್ಗೆಯ ಸ್ನಾನ ಬಟ್ಟೆಯಿಲ್ಲದೆ, ಎಲ್ಲರ ಜೊತೆಗೆ. ಹೆಂಗಸರಿಗೆ ಬೇರೆ ಇರುತ್ತದೆ. ಅತ್ತೆ ಹೌಹಾರಿದರೆ, ಗಂಟೆ ಲೆಕ್ಕದಲ್ಲಿ ನಿಮಗಷ್ಟೇ ಸಿಗುವ ಸ್ನಾನದ ಕೋಣೆ ಇದೆಯೇ ಎಂದೂ ಬುಕ್ ಮಾಡುವಾಗಲೇ ವಿಚಾರಿಸಿ.