ಓದುಗರ ಪ್ರಶ್ನೆ: ಬಂದರಿನೊಳಗೆ ಹತೋಟಿ ತಪ್ಪುವ ಹಡಗು

ಪ್ರಶ್ನೆ: ಬಂದರಿನೊಳಗೆ ಸಾಗುತ್ತಿರುವ ದೊಡ್ಡ ಹಡಗಿನಲ್ಲಿ ಹಠಾತ್ತನೆ ವಿದ್ಯುತ್ ನಿಂತರೆ, ಮೊದಲೇ ಬರೆದಿಟ್ಟ ತುರ್ತು ಯೋಜನೆ ನಿಜಕ್ಕೂ ಉಪಯೋಗಕ್ಕೆ ಬರುತ್ತದೆಯೇ?

ಉತ್ತರ: ಬರುತ್ತದೆ, ಆದರೆ ಯಾರನ್ನೂ ಕೇಳದೆ ಯಾರು ಏನು ಮಾಡಬಹುದೆಂಬುದು ಅದರಲ್ಲಿ ಮುಂಚೆಯೇ ತೀರ್ಮಾನವಾಗಿದ್ದರೆ ಮಾತ್ರ. ಅಂತರರಾಷ್ಟ್ರೀಯ ನಿಯಮದಂತೆ ಹಡಗಿನ ತುರ್ತು ಜನರೇಟರ್ 45 ಸೆಕೆಂಡುಗಳೊಳಗೆ ತಾನಾಗಿಯೇ ಚಾಲೂ ಆಗಿ ವಿದ್ಯುತ್ ಕೊಡಬೇಕು. 8 ನಾಟ್, ಅಂದರೆ ಗಂಟೆಗೆ ಸುಮಾರು 15 ಕಿ.ಮೀ. ವೇಗದ ಹಡಗು ಅಷ್ಟರಲ್ಲಿ ಸುಮಾರು 185 ಮೀಟರ್ ಮುಂದೆ ಹೋಗಿರುತ್ತದೆ. ಆ ಜನರೇಟರ್‌ನಿಂದ ದೀಪ, ರೇಡಿಯೊ, ಚುಕ್ಕಾಣಿಗೆ ಜೀವ ಬಂದರೂ ಮುಖ್ಯ ಎಂಜಿನ್ ನಡೆಯುವುದಿಲ್ಲ. ಪ್ರೊಪೆಲರ್ ನೀರು ತಳ್ಳದಿದ್ದರೆ ಚುಕ್ಕಾಣಿಯ ಹಿಡಿತ ತೀರಾ ಸಡಿಲ. ಲಂಗರು ಬಿಟ್ಟರೂ ಅಷ್ಟು ಭಾರದ ಹಡಗು ಬಿಟ್ಟ ಜಾಗದಲ್ಲೇ ನಿಲ್ಲುವುದಿಲ್ಲ.

2024ರ ಮಾರ್ಚ್ 26ರ ನಸುಕಿನಲ್ಲಿ ಅಮೆರಿಕದ ಬಾಲ್ಟಿಮೋರ್‌ನಲ್ಲಿ ಆದದ್ದೂ ಇದೇ. ಹಡಗನ್ನು ಧಕ್ಕೆಯಿಂದ (ಹಡಗುಕಟ್ಟೆಯಿಂದ) ಬಿಡಿಸಿದ ಟಗ್‌ಗಳು, ಅಂದರೆ ದೊಡ್ಡ ಹಡಗುಗಳನ್ನು ಎಳೆಯುವ, ತಳ್ಳುವ ಬಲಿಷ್ಠ ದೋಣಿಗಳು, ಹಿಂದಿರುಗಿದ ಮೇಲೆ, ಸುಮಾರು 300 ಮೀಟರ್ ಉದ್ದದ 'ಡಾಲಿ' ಹಡಗು ವಿದ್ಯುತ್ ಕಳೆದುಕೊಂಡು ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆಯ ಕಂಬಕ್ಕೆ ಬಡಿಯಿತು. ಪೈಲಟ್, ಅಂದರೆ ಬಂದರಿನ ದಾರಿಯಲ್ಲಿ ಹಡಗನ್ನು ನಡೆಸಲು ಹತ್ತುವ ಸ್ಥಳೀಯ ಮಾರ್ಗದರ್ಶಿ, ಕೊಟ್ಟ ಎಚ್ಚರಿಕೆ ಪೊಲೀಸರಿಗೆ ತಲುಪಿ, ಅವರು ಸೇತುವೆಯ ಎರಡೂ ತುದಿಗಳಲ್ಲಿ ವಾಹನಗಳನ್ನು ತಡೆದರು. ಆ ಒಂದು ಕ್ರಮ ಎಷ್ಟೋ ಜೀವ ಉಳಿಸಿತು. ಆದರೆ ಸೇತುವೆಯ ಮೇಲೆ ರಸ್ತೆಗುಂಡಿ ಮುಚ್ಚುತ್ತಿದ್ದವರನ್ನು ಎಚ್ಚರಿಸುವ ಮಾತು ಪೊಲೀಸ್ ರೇಡಿಯೊದಲ್ಲಿ ನಡೆಯುತ್ತಿರುವಾಗಲೇ ಸೇತುವೆ ಕುಸಿದು, 6 ಕೆಲಸಗಾರರು ಪ್ರಾಣ ಕಳೆದುಕೊಂಡರು. ಯೋಜನೆ ಬರೆಯುವವರು ಆ ಕೊನೆಯ ಕೊಂಡಿಯನ್ನೇ ಮೊದಲು ನೋಡಬೇಕೆಂದು ನನ್ನ ಬಲವಾದ ಅಭಿಪ್ರಾಯ: ಸೇತುವೆಯ ಮೇಲಾಗಲಿ ಧಕ್ಕೆಯ ಮೇಲಾಗಲಿ ದುಡಿಯುವವರ ಕಿವಿಗೆ ಪೈಲಟ್‌ನ ಕೂಗು ನೇರವಾಗಿ ಬೀಳುವ ವ್ಯವಸ್ಥೆ ಇರಬೇಕು. ಅದನ್ನು ಹಗಲಿನಲ್ಲಷ್ಟೇ ಅಲ್ಲ, ನಡುರಾತ್ರಿಯ ಪಾಳಿಯಲ್ಲೂ ಪರೀಕ್ಷಿಸಬೇಕು. ಇಕ್ಕಟ್ಟಾದ ಜಾಗ ದಾಟುವವರೆಗೂ ಹಿಂಬದಿಗೆ ಹಗ್ಗ ಕಟ್ಟಿದ ಬೆಂಗಾವಲು ಟಗ್ ಜೊತೆಗಿರಬೇಕು. ಅದರ ಖರ್ಚನ್ನು ಉಳಿತಾಯದ ಪಟ್ಟಿಗೆ ಸೇರಿಸುವುದು ತಪ್ಪು.

ಪ್ರಶ್ನೆ: ಹಾನಿಗೊಂಡ ಹಡಗನ್ನು ಸಮುದ್ರಕ್ಕೆ ಅಟ್ಟುವುದೇ ಬಂದರಿಗೆ ಕ್ಷೇಮವಲ್ಲವೇ?

ಉತ್ತರ: ಯಾವಾಗಲೂ ಅಲ್ಲ. 2002ರ ನವೆಂಬರ್‌ನಲ್ಲಿ ಸ್ಪೇನ್ ಬಳಿ ಹಾನಿಗೊಂಡ 'ಪ್ರೆಸ್ಟೀಜ್' ತೈಲ ಹಡಗಿಗೆ ಆಶ್ರಯ ಸಿಗದೆ ಅದನ್ನು ದೂರ ಎಳೆದೊಯ್ಯಲಾಯಿತು; ಆರು ದಿನಗಳ ಬಳಿಕ ಅದು ಎರಡು ಹೋಳಾಗಿ ಮುಳುಗಿ, ಕರಾವಳಿಯುದ್ದಕ್ಕೂ ತೈಲ ಬಡಿಯಿತು. ಮರುವರ್ಷವೇ ಅಂತರರಾಷ್ಟ್ರೀಯ ಸಾಗರ ಸಂಸ್ಥೆ ಆಶ್ರಯತಾಣಗಳ ಕುರಿತು ಮಾರ್ಗಸೂಚಿ ಹೊರಡಿಸಿತು. ಆಳ, ಗಾಳಿಯ ಮರೆ, ಜನವಸತಿಯಿಂದ ದೂರ, ಇವನ್ನೆಲ್ಲ ಅಳೆದು ಅಂಥ ತಾಣವನ್ನು ಶಾಂತ ದಿನಗಳಲ್ಲೇ ನಕ್ಷೆಯಲ್ಲಿ ಗುರುತಿಸಿಡಬೇಕು.