ಮಂಡ್ಯದ ತೋಟದ ಹವಾಮಾನ ಕೇಂದ್ರಕ್ಕೆ ಕನ್ನಡದ ವೆಬ್‌ಸೈಟ್ ಬೇಕು, ಯಾವ ಟೆಂಪ್ಲೇಟ್ ಒಳ್ಳೆಯದು?

ನಿಮ್ಮ ಹತ್ತಿರ ಇಕೋವಿಟ್ ಕೇಂದ್ರ, ಅದರ ಸೆನ್ಸರ್‌ಗಳ ಅಂಕಿ ಪಡೆಯುವ ಜಿಡಬ್ಲ್ಯೂ1100 ಗೇಟ್‌ವೇ, ರಾಸ್ಪ್‌ಬೆರಿ ಪೈ ಎಂಬ ಒಂದು ಪುಟ್ಟ ಕಂಪ್ಯೂಟರ್ ಇವೆ. ಮದ್ದೂರು ಕಡೆಯ ಅಕ್ಕಪಕ್ಕದ ರೈತರು ಮೊಬೈಲಲ್ಲಿ ಕನ್ನಡದಲ್ಲೇ ಮಳೆ ನೋಡುವಂತಿರಬೇಕು, ತಿಂಗಳ ಖರ್ಚು ಇರಬಾರದು ಎಂದಿದ್ದೀರಿ. ಹಾಗಾದರೆ ಕೇಂದ್ರದ ಅಂಕಿಗಳನ್ನು ಓದಿ ವೆಬ್‌ಪುಟ ತಯಾರಿಸುವ ವೀವೆಕ್ಸ್ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ, ಅದರ ಜೊತೆಗೇ ಬರುವ ಸೀಸನ್ಸ್ ಸ್ಕಿನ್ ಅನ್ನೇ ತಿದ್ದಿ ಬಳಸಿ. ವೀವೆಕ್ಸ್‌ನಲ್ಲಿ ಟೆಂಪ್ಲೇಟ್‌ಗೆ ಸ್ಕಿನ್ ಅನ್ನುತ್ತಾರೆ. ಇದಕ್ಕಿಂತ ಅಂದವಾದವು ಇವೆ. ಆದರೆ ಇದರಲ್ಲಿ ಪುಟದ ಮೇಲೆ ಕಾಣುವ ಪದಗಳೆಲ್ಲ ಒಂದೇ ಭಾಷಾ ಫೈಲ್‌ನಲ್ಲಿರುತ್ತವೆ. ಕನ್ನಡ ಮಾಡಲು ಎಚ್‌ಟಿಎಂಎಲ್ ಮುಟ್ಟಬೇಕಾಗಿಲ್ಲ.

ಬೇರೆಯವುಗಳ ಬಗ್ಗೆ ಎರಡು ಮಾತು. ಬೆಲ್ಚರ್‌ಟೌನ್ ಸ್ಕಿನ್ ಕೂಡ ವೀವೆಕ್ಸ್‌ನದೇ. ಗ್ರಾಫ್‌ಗಳನ್ನು ಹೈಚಾರ್ಟ್ಸ್ ಎಂಬ ಲೈಬ್ರರಿ ಮೂಲಕ ಬ್ರೌಸರ್‌ನಲ್ಲೇ ಬಿಡಿಸುತ್ತದೆ, ಎಂಕ್ಯೂಟಿಟಿ (ಸಂದೇಶ ಕಳಿಸುವ ಒಂದು ವಿಧಾನ) ಜೋಡಿಸಿದರೆ ಅಂಕಿಗಳು ಕಣ್ಣೆದುರೇ ಬದಲಾಗುತ್ತವೆ. ಹೈಚಾರ್ಟ್ಸ್ ಉಚಿತವಾಗಿ ಸಿಗುವುದು ವ್ಯಾಪಾರಕ್ಕಲ್ಲದ ಬಳಕೆಗೆ ಮಾತ್ರ, ಪುಟದಲ್ಲಿ ಗೊಬ್ಬರದಂಗಡಿಯ ಜಾಹೀರಾತು ಹಾಕುವ ಯೋಚನೆಯಿದ್ದರೆ ಮೊದಲು ಅದರ ಲೈಸೆನ್ಸ್ ಓದಿ. ಸರಟೋಗಾ ಟೆಂಪ್ಲೇಟ್‌ಗಳಿಗೆ ಪಿಎಚ್‌ಪಿ ಓಡುವ ಹೋಸ್ಟಿಂಗ್ ಬೇಕು. ಕ್ಯುಮುಲಸ್ ಎಂಎಕ್ಸ್ ವಿಂಡೋಸ್ ಕಂಪ್ಯೂಟರ್ ಇರುವವರಿಗೆ ಅನುಕೂಲ. ನಿಮ್ಮ ಬಳಿ ಪೈ ಇರುವಾಗ ವೀವೆಕ್ಸ್ ಸಾಕು. ಗೇಟ್‌ವೇಯಿಂದ ಓದಲು ಜಿಡಬ್ಲ್ಯೂ1000 ಡ್ರೈವರ್ ಹಾಕಿ, ಅದು 1100ಕ್ಕೂ ನಡೆಯುತ್ತದೆ.

ಸೀಸನ್ಸ್ ಫೋಲ್ಡರ್ ಅನ್ನು ಇದ್ದಲ್ಲೇ ತಿದ್ದಬೇಡಿ, ಮುಂದೆ ಅಪ್‌ಗ್ರೇಡ್ ಮಾಡಿದಾಗ ನಿಮ್ಮ ಕೆಲಸದ ಮೇಲೆ ಹೊಸದು ಬಂದು ಕೂರಬಹುದು. ಸ್ಕಿನ್ಸ್ ಫೋಲ್ಡರ್‌ನಲ್ಲೇ ಬೇರೆ ಹೆಸರಿನಲ್ಲಿ ಒಂದು ಪ್ರತಿ ಮಾಡಿ. ಆ ಪ್ರತಿಯ ಲ್ಯಾಂಗ್ ಫೋಲ್ಡರ್‌ನಲ್ಲಿರುವ ಇಂಗ್ಲಿಷ್ ಫೈಲ್ ನಕಲಿಸಿ ಕೆಎನ್ ಎಂದು ಹೆಸರಿಡಿ. ವೀವೆಕ್ಸ್‌ನ ಮುಖ್ಯ ಕಾನ್ಫಿಗರೇಷನ್‌ನಲ್ಲಿ, ಎಸ್‌ಟಿಡಿ ರಿಪೋರ್ಟ್ ಭಾಗದಡಿ, ಹೊಸ ರಿಪೋರ್ಟ್ (ವೀವೆಕ್ಸ್ ತಯಾರಿಸುವ ಪುಟಗಳ ಗುಂಪು) ಸೇರಿಸಿ ಸ್ಕಿನ್ ಹೆಸರು ಮತ್ತು ಭಾಷೆ ಕೊಡಿ. ಫೈಲ್‌ನಲ್ಲಿ ಸಮಚಿಹ್ನೆಯ ಬಲಗಡೆ ಇರುವುದನ್ನು ಮಾತ್ರ ಕನ್ನಡ ಮಾಡಿ. ಎಡಗಡೆಯ ಹೆಸರು ಒಂದಕ್ಷರ ಬದಲಾದರೂ ಆ ಜಾಗದಲ್ಲಿ ನಿಮ್ಮ ಕನ್ನಡ ಕಾಣುವುದಿಲ್ಲ.

ದಿಕ್ಕುಗಳಲ್ಲಿ ಎಚ್ಚರ ಬೇಕು. ಆ ಸಾಲಿನಲ್ಲಿ ಅಲ್ಪವಿರಾಮ ಹಾಕಿ ಬೇರ್ಪಡಿಸಿದ 17 ಹೆಸರುಗಳಿರುತ್ತವೆ: 16 ದಿಕ್ಕು, ಕೊನೆಯದು ಗಾಳಿ ಇಲ್ಲದಾಗ ತೋರಿಸುವುದು. ನಮ್ಮ ಎಂಟು ದಿಕ್ಕಿನ ನಡುವಿನವಕ್ಕೆ ಉತ್ತರ-ಈಶಾನ್ಯ, ಪೂರ್ವ-ಈಶಾನ್ಯ, ಪೂರ್ವ-ಆಗ್ನೇಯ ಎಂದು ಜೋಡಿ ಮಾಡಿ. ಒಂದು ಅಲ್ಪವಿರಾಮ ಬಿಟ್ಟರೆ ಅಲ್ಲಿಂದ ಮುಂದಿನ ದಿಕ್ಕುಗಳೆಲ್ಲ ಒಂದೊಂದು ಮನೆ ಜರುಗಿ, ನೈಋತ್ಯದ ಮುಂಗಾರು ಗಾಳಿ ಬೇರೆ ಕಡೆಯಿಂದ ಬೀಸಿದಂತೆ ತೋರುತ್ತದೆ.

ಹೆಚ್ಚಿನವರು ಎಡವುವುದು ಗ್ರಾಫ್‌ನಲ್ಲಿ. ಸೀಸನ್ಸ್ ಗ್ರಾಫ್‌ಗಳು ಪೈನಲ್ಲೇ ಪಿಎನ್‌ಜಿ ಚಿತ್ರಗಳಾಗಿ ತಯಾರಾಗುತ್ತವೆ, ಅಕ್ಷರ ಬರೆಯುವುದು ಪಿಲ್ಲೋ ಲೈಬ್ರರಿ. ಜೊತೆಗೆ ಬರುವ ಓಪನ್ ಸ್ಯಾನ್ಸ್ ಫಾಂಟ್‌ನಲ್ಲಿ ಕನ್ನಡ ಇಲ್ಲ, ಹಾಗಾಗಿ ತಲೆಬರಹ ಇರುವಲ್ಲಿ ಖಾಲಿ ಚೌಕಗಳು ಬರುತ್ತವೆ. ನೋಟೋ ಸ್ಯಾನ್ಸ್ ಕನ್ನಡ ಫಾಂಟ್ ಅನ್ನು ಸ್ಕಿನ್‌ನ ಫಾಂಟ್ ಫೋಲ್ಡರ್‌ಗೆ ಹಾಕಿ, ಟಾಪ್ ಲೇಬಲ್ ಫಾಂಟ್ ಪಾತ್ ಒಂದನ್ನು ಮಾತ್ರ ಅದಕ್ಕೆ ತಿರುಗಿಸಿ. ಅಕ್ಷದ ಅಂಕಿಗಳು ಹಳೇ ಫಾಂಟ್‌ನಲ್ಲೇ ಇರಲಿ. ಇಷ್ಟಾದ ಮೇಲೂ ಒತ್ತಕ್ಷರ ಒಡೆಯಬಹುದು. ‘ಗರಿಷ್ಠ’ ಎಂದು ಬರೆದದ್ದು ‘ಗರಿಷ್‌ಠ’ ಎಂದು ಬಂದರೆ ಪಿಲ್ಲೋಗೆ ಅಕ್ಷರ ಜೋಡಿಸುವ ರಾಕಮ್ ಲೈಬ್ರರಿ ಸಿಕ್ಕಿಲ್ಲ ಎಂದರ್ಥ. ಪಿಪ್ ಮೂಲಕ ಹಾಕಿದ ಪಿಲ್ಲೋದಲ್ಲಿ ರಾಕಮ್ ಒಳಗೇ ಇರುತ್ತದೆ, ಆದರೆ ಅದಕ್ಕೆ ಫ್ರಿಬಿಡಿ ಎಂಬ ಇನ್ನೊಂದು ಲೈಬ್ರರಿ ಸಿಸ್ಟಮ್‌ನಲ್ಲಿ ಇರಬೇಕು. ಅದನ್ನು ಹಾಕಿ ವೀವೆಕ್ಸ್ ಮರುಚಾಲನೆ ಮಾಡಿ.

ಅಳತೆಯ ಚಿಹ್ನೆಗಳನ್ನು ಮಾತ್ರ ಕನ್ನಡ ಮಾಡಬೇಡಿ. ಪುಟಕ್ಕೂ ಗ್ರಾಫ್‌ಗೂ ಅದೇ ಪಟ್ಟಿ ಬಳಕೆಯಾಗುವುದರಿಂದ ‘ಮಿ.ಮೀ’ ಎಂದು ಹಾಕಿದರೆ ಗ್ರಾಫ್‌ನ ಮೂಲೆಯಲ್ಲಿ ಮತ್ತೆ ಚೌಕ ಬರುತ್ತದೆ. ಬದಲಿಗೆ ಲೇಬಲ್‌ನಲ್ಲೇ ‘ಇಂದಿನ ಮಳೆ (ಮಿ.ಮೀ)’ ಎಂದು ಬರೆಯಿರಿ. ಪುಟಗಳನ್ನು ತಯಾರಿಸುವ ಚೀತಾ ಜನರೇಟರ್‌ನ ಎನ್‌ಕೋಡಿಂಗ್ (ಫೈಲ್‌ನಲ್ಲಿ ಅಕ್ಷರ ಬರೆಯುವ ಕ್ರಮ) ಅನ್ನು ಎಚ್‌ಟಿಎಂಎಲ್ ಎಂಟಿಟೀಸ್‌ನಿಂದ ಯುಟಿಎಫ್8ಕ್ಕೆ ಬದಲಿಸಿ. ಮೊದಲಿನದರಲ್ಲಿ ಒಂದೊಂದು ಕನ್ನಡ ಅಕ್ಷರಚಿಹ್ನೆಗೆ 7 ಬೈಟ್ ಬೇಕು, ಇದರಲ್ಲಿ 3 ಸಾಕು. ತಿಂಗಳ ನೋವಾ ವರದಿ (ತಿಂಗಳ ಅಂಕಿಗಳ ಪಠ್ಯ ಕೋಷ್ಟಕ) ಇಂಗ್ಲಿಷ್‌ನಲ್ಲೇ ಇರಲಿ, ಅದರ ಕಾಲಂಗಳು ಸಮ ಅಗಲದ ಅಕ್ಷರ ನಂಬಿಕೊಂಡಿವೆ.

ಅಳತೆ ಪದ್ಧತಿ ಕೇಳಿದಾಗ ಮೆಟ್ರಿಕ್ ಎಂದು ಆರಿಸಿದರೆ ಮಳೆ ಸೆಂಟಿಮೀಟರ್‌ನಲ್ಲಿ ಬರುತ್ತದೆ. ಮೆಟ್ರಿಕ್‌ಡಬ್ಲ್ಯೂಎಕ್ಸ್ ಆರಿಸಿದರೆ ಮಿಲಿಮೀಟರ್ ಬರುತ್ತದೆ, ಆದರೆ ಗಾಳಿ ಸೆಕೆಂಡಿಗೆ ಮೀಟರ್ ಆಗುತ್ತದೆ. ಎರಡನೆಯದನ್ನು ಆರಿಸಿ, ಗಾಳಿಯ ಗುಂಪನ್ನು ಮಾತ್ರ ಗಂಟೆಗೆ ಕಿಲೋಮೀಟರ್‌ಗೆ ಬದಲಿಸಿ. ಡೇಟಾಬೇಸ್‌ನ ಒಳಗಿನ ಮಾನ ಮೊದಲ ದಿನ ಏನಿತ್ತೋ ಅದೇ ಇರಲಿ, ಮಧ್ಯದಲ್ಲಿ ಬದಲಿಸುವಂತಿಲ್ಲ. ಎತ್ತರವನ್ನೂ ಸರಿಯಾಗಿ ತುಂಬಿ. ಮಂಡ್ಯ ಸಮುದ್ರಮಟ್ಟದಿಂದ ಸುಮಾರು 680 ಮೀಟರ್ ಎತ್ತರದಲ್ಲಿದೆ, ಅಲ್ಲಿ ನಿಜವಾದ ವಾಯುಭಾರ 935 ಹೆಕ್ಟೋಪ್ಯಾಸ್ಕಲ್ ಆಸುಪಾಸು. ಎತ್ತರ ಸೊನ್ನೆ ಎಂದಿದ್ದರೆ ಪುಟದಲ್ಲೂ ಅದೇ ಅಂಕಿ ಕಂಡು, ತಿಳಿದವರು ನೋಡಿದರೆ ಘೋರ ಚಂಡಮಾರುತ ಅಂದುಕೊಳ್ಳಬೇಕಾಗುತ್ತದೆ.

ಇನ್ನು ಮಳೆ. ನಿಮ್ಮ ಓದುಗರು ಬರುವುದೇ ಇದಕ್ಕೆ, ಹಾಗಾಗಿ ಪುಟದ ತಲೆಯಲ್ಲಿ ಮಳೆಯೇ ಇರಬೇಕು. ಸೀಸನ್ಸ್‌ನಲ್ಲಿ ಮೊದಲು ಕಾಣುವುದು ತಾಪಮಾನ, ಮಳೆಯನ್ನು ಮೇಲಕ್ಕೆ ತನ್ನಿ. ಹವಾಮಾನ ಇಲಾಖೆಯ ಮಳೆ ದಿನ ಬೆಳಗ್ಗೆ 8:30ಕ್ಕೆ ಮುಗಿಯುತ್ತದೆ, ವೀವೆಕ್ಸ್‌ನ ದಿನ ಮಧ್ಯರಾತ್ರಿಗೆ. ಮೇ 12ರ ಸಂಜೆ ಗುಡುಗು ಸಹಿತ 40 ಮಿ.ಮೀ ಹೊಯ್ದರೆ ನಿಮ್ಮ ಪುಟ ಅದನ್ನು 12ಕ್ಕೆ ಬರೆಯುತ್ತದೆ, ಇಲಾಖೆ 13ಕ್ಕೆ. ಗ್ರಾಮ ಪಂಚಾಯಿತಿಯ ಕೆಎಸ್‌ಎನ್‌ಡಿಎಂಸಿ (ರಾಜ್ಯದ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ) ಮಳೆಮಾಪಕದ ಅಂಕಿ ಗೊತ್ತಿದ್ದವರು ನಿಮ್ಮದೇ ತಪ್ಪು ಎನ್ನುತ್ತಾರೆ. ಇದಕ್ಕೆ ಒಂದೇ ಅಂಕಿ ಇರುವ ಪುಟ್ಟ ಪ್ರತ್ಯೇಕ ರಿಪೋರ್ಟ್ ಮಾಡಿ. ಅದರ ರಿಪೋರ್ಟ್ ಟೈಮಿಂಗ್ ಅನ್ನು ಕ್ರಾನ್ (ಲಿನಕ್ಸ್‌ನ ವೇಳಾಪಟ್ಟಿ) ಶೈಲಿಯಲ್ಲಿ ದಿನಕ್ಕೊಮ್ಮೆ 8:30ಕ್ಕೆ ಇಟ್ಟು, ಒಳಗೆ ಸ್ಪ್ಯಾನ್ ಟ್ಯಾಗ್‌ನಿಂದ (ಟೆಂಪ್ಲೇಟ್‌ನಲ್ಲಿ ಅಂಕಿ ತರಿಸುವ ಗುರುತು) ಹಿಂದಿನ 24 ಗಂಟೆಯ ಮಳೆ ಮೊತ್ತ ತೆಗೆಯಿರಿ. ಮುಖ್ಯ ಪುಟದಲ್ಲಿ ಅದನ್ನು ಐಫ್ರೇಮ್ (ಪುಟದೊಳಗಿನ ಪುಟ) ಆಗಿ ಕೂರಿಸಿ. 8:30ಕ್ಕೆ ಪೈ ಆರಿದ್ದರೆ ಆ ದಿನದ್ದು ತಯಾರಾಗದೆ ನಿನ್ನೆಯದೇ ಉಳಿಯುತ್ತದೆ, ಆದ್ದರಿಂದ ಅಂಕಿಯ ಪಕ್ಕ ದಿನಾಂಕ ತಪ್ಪದೆ ಇರಲಿ.

ಮಳೆ ಬಂದ ದಿನಗಳನ್ನು ಎಣಿಸುವಾಗ 0.1 ಮಿ.ಮೀ ಕಂಡದ್ದನ್ನೆಲ್ಲ ಸೇರಿಸಬೇಡಿ, ಮಾಗಿಯ ಇಬ್ಬನಿಯೇ ಅಷ್ಟನ್ನು ತೋರಿಸಿಬಿಡಬಹುದು. ಇಲಾಖೆ ಮಳೆ ದಿನ ಎನ್ನುವುದು 2.5 ಮಿ.ಮೀ ಅಥವಾ ಹೆಚ್ಚು ಬಿದ್ದಾಗ. ವೀವೆಕ್ಸ್‌ನ ಸಮ್ ಜಿಇ ಟ್ಯಾಗ್‌ಗೆ ಈ ಮಿತಿ ಕೊಟ್ಟರೆ ತಿಂಗಳ, ವರ್ಷದ ಎಣಿಕೆ ತಾನೇ ಬರುತ್ತದೆ. ಎಕರೆಗೆ ಎಷ್ಟು ನೀರು ಎಂಬ ಸಾಲೂ ಸೇರಿಸಿ: 1 ಮಿ.ಮೀ ಎಂದರೆ ಎಕರೆಗೆ ಸುಮಾರು 4,047 ಲೀಟರ್.

ನಕ್ಷತ್ರದ ಲೆಕ್ಕವಂತೂ ಬೇಕೇ ಬೇಕು ಎಂಬುದು ನನ್ನ ಅಭಿಪ್ರಾಯ. ಜೂನ್ ತಿಂಗಳಲ್ಲಿ ಎಷ್ಟು ಬಂತು ಎಂದು ನಮ್ಮ ಕಡೆ ಯಾರೂ ಕೇಳುವುದಿಲ್ಲ, ರೋಹಿಣಿ ಹೇಗೆ ಹೊಯ್ತು, ಆರಿದ್ರ ಕೈಕೊಟ್ಟಿತಾ ಎಂದು ಕೇಳುತ್ತಾರೆ. ಅಶ್ವಿನಿಯಿಂದ ವಿಶಾಖದವರೆಗೆ 16 ಸಾಲಿನ ಒಂದು ಕೋಷ್ಟಕ ಮಾಡಿ. ಭರಣಿ ಏಪ್ರಿಲ್ 27ರ ಸುಮಾರಿಗೆ, ರೋಹಿಣಿ ಮೇ 25ರ ಸುಮಾರಿಗೆ, ಆರಿದ್ರ ಜೂನ್ 22ರ ಸುಮಾರಿಗೆ ಹುಟ್ಟುತ್ತವೆ. ಒಂದು ದಿನ ಆಚೀಚೆ ಆಗುವುದರಿಂದ ಪ್ರತಿ ಯುಗಾದಿಗೆ ಹೊಸ ಪಂಚಾಂಗ ನೋಡಿ 16 ದಿನಾಂಕಗಳನ್ನೂ ತಿದ್ದಿ. ಟೆಂಪ್ಲೇಟ್‌ನಲ್ಲಿ ವರ್ಷದ ದಿನಗಳನ್ನು ಒಂದೊಂದಾಗಿ ಸುತ್ತಿ, ಆಯಾ ನಕ್ಷತ್ರದ ಆರಂಭ ಮತ್ತು ಕೊನೆಯ ನಡುವೆ ಬಿದ್ದ ದಿನದ ಮಳೆ ಕೂಡುತ್ತಾ ಹೋಗಿ. ಇನ್ನೂ ಬಾರದ ದಿನಗಳಿಗೆ ಮೌಲ್ಯ ಇರುವುದಿಲ್ಲ. ಅದನ್ನು ಪರೀಕ್ಷಿಸದೆ ಕೂಡಿದರೆ ಪುಟ ತಯಾರಾಗುವುದು ಅರ್ಧಕ್ಕೇ ನಿಂತು, ಲಾಗ್‌ನಲ್ಲಿ ದೋಷ ಬರುತ್ತದೆ.

ಹೋಸ್ಟಿಂಗ್‌ಗೆ ಗಿಟ್‌ಹಬ್ ಪೇಜಸ್ ಸಾಕು, ಸೀಸನ್ಸ್ ತಯಾರಿಸುವುದು ಬರೀ ಸ್ಥಿರ ಪುಟಗಳನ್ನು. ಆದರೆ ಅಲ್ಲಿ ಗಂಟೆಗೆ 10 ಬಿಲ್ಡ್‌ಗಳ (ಪುಟವನ್ನು ಹೊಸದಾಗಿ ಪ್ರಕಟಿಸುವುದು) ಮಿತಿ ಇದೆ. ವೀವೆಕ್ಸ್ ರೂಢಿಯಂತೆ 5 ನಿಮಿಷಕ್ಕೊಮ್ಮೆ ಕಳಿಸಿದರೆ ಗಂಟೆಗೆ 12 ಆಗುತ್ತದೆ. 15 ನಿಮಿಷಕ್ಕೆ ಇಡಿ. ಪ್ರತಿ ಸಲ ಹೊಸ ಕಮಿಟ್ (ಬದಲಾವಣೆಯ ದಾಖಲೆ) ಮಾಡುವ ಬದಲು ಇದ್ದ ಒಂದನ್ನೇ ತಿದ್ದಿ ಬಲವಂತದ ಪುಶ್ ಮಾಡಿ, ಇಲ್ಲದಿದ್ದರೆ ಗ್ರಾಫ್ ಚಿತ್ರಗಳಿಂದಲೇ ರೆಪೊ (ಅಲ್ಲಿನ ಫೈಲ್ ಸಂಗ್ರಹ) ಊದಿಕೊಳ್ಳುತ್ತದೆ.

ಕೊನೆಗೆ ಕರೆಂಟ್. ಪೈ 4 ಮತ್ತು ಅದಕ್ಕಿಂತ ಹಳೆಯವುಗಳಲ್ಲಿ ಗಡಿಯಾರದ ಚಿಪ್ ಇಲ್ಲ. ಕರೆಂಟ್ ಬಂದಾಗ ಇಂಟರ್ನೆಟ್ ಇನ್ನೂ ಬಾರದಿದ್ದರೆ ಹಳೆಯ ಸಮಯ ಹಿಡಿದು ದಾಖಲೆ ಬರೆಯಬಹುದು, ಆಗ ಗ್ರಾಫ್‌ನಲ್ಲಿ ತಪ್ಪು ಜಾಗದಲ್ಲಿ ಮಳೆ ಕಾಣುತ್ತದೆ. ಡಿಎಸ್3231 ಗಡಿಯಾರ ಮಾಡ್ಯೂಲ್ ಜೋಡಿಸಿ. ಜಿಡಬ್ಲ್ಯೂ1100 ಹಳೆಯ ದಾಖಲೆ ಇಟ್ಟುಕೊಳ್ಳುವುದಿಲ್ಲ, ಪೈ ಆರಿದ್ದ ಹೊತ್ತಿನ ವಿವರ ಮತ್ತೆ ಸಿಗುವುದಿಲ್ಲ. ಪೈ, ಗೇಟ್‌ವೇ, ರೂಟರ್ ಮೂರನ್ನೂ ಒಂದೇ ಯುಪಿಎಸ್‌ಗೆ ಹಾಕಿ. ಡೇಟಾಬೇಸ್ ಅನ್ನು ಮೆಮೊರಿ ಕಾರ್ಡ್ ಬಿಟ್ಟು ಯುಎಸ್‌ಬಿ ಎಸ್‌ಎಸ್‌ಡಿಯಲ್ಲಿಡಿ, ವಾರಕ್ಕೊಮ್ಮೆ ಬೇರೆ ಕಡೆಗೂ ಒಂದು ಪ್ರತಿ ತೆಗೆದಿಡಿ.